ಎಲ್‌ಇಡಿ ಬೆಳಕಿನಲ್ಲಿ ಡೇಟಾ ಕಳಿಸುವುದು: ಎಲ್ಲರೂ ಎಡವುವ ಜಾಗಗಳ ಸಮೇತ ಹಂತ ಹಂತದ ಮಾರ್ಗದರ್ಶಿ

"ಎಲ್‌ಇಡಿ ಉರಿಯುತ್ತಿದೆ, ಕೋಡ್‌ನಲ್ಲಿ ತಪ್ಪಿಲ್ಲ, ಆದರೂ ಆ ಕಡೆ ಸೀರಿಯಲ್ ಮಾನಿಟರಿನಲ್ಲಿ (ಬೋರ್ಡ್ ಕಳಿಸಿದ ಅಕ್ಷರ ತೋರಿಸುವ ಕಂಪ್ಯೂಟರಿನ ಕಿಟಕಿಯಲ್ಲಿ) ಬರೀ ಕಸ ಬೀಳುತ್ತಿದೆ." ಬೆಳಕಿನಲ್ಲಿ ಡೇಟಾ ಕಳಿಸಲು ಹೊರಟವರು ನನ್ನ ಹತ್ತಿರ ಹೇಳಿಕೊಳ್ಳುವುದು ಹೆಚ್ಚುಕಡಿಮೆ ಇದೇ ಮಾತು. ವಿಚಾರಿಸಿದರೆ ಎಲ್ಲರೂ ಕೆಲಸ ಮಾಡಿದ ಕ್ರಮವೂ ಒಂದೇ: ಮೊದಲು ಎಲ್‌ಇಡಿ ಕಡೆ ಕಟ್ಟಿ, ಆಮೇಲೆ ರಿಸೀವರ್ ಜೋಡಿಸಿ, ನೇರವಾಗಿ ಅಕ್ಷರಗಳನ್ನು ಕಳಿಸಿ ನೋಡುವುದು. ಆಗ ತಪ್ಪು ಹತ್ತು ಕಡೆಗಳಲ್ಲಿ ಎಲ್ಲಿ ಬೇಕಾದರೂ ಇರಬಹುದು, ಹುಡುಕಲು ದಾರಿಯೇ ಇರುವುದಿಲ್ಲ.

ಈ ಕ್ರಮವನ್ನು ತಿರುವಿ ಹಾಕಿ. ಮೊದಲು ರಿಸೀವರ್ ಕಟ್ಟಿ, ಅದು ಬೆಳಕನ್ನು ಕಾಣುತ್ತಿದೆ ಎಂದು ಖಚಿತ ಮಾಡಿಕೊಳ್ಳಿ. ಆಮೇಲೆ ಎಲ್‌ಇಡಿ. ಅದರ ನಂತರ ಒಂದೇ ಸಮನಾದ ಚೌಕ ಅಲೆ, ಅಂದರೆ ಸಮ ಅಂತರದಲ್ಲಿ ಹೊತ್ತಿ ಆರುವ ಸಿಗ್ನಲ್. ಆ ಅಲೆ ಈ ಕಡೆಯಿಂದ ಹೋದ ಹಾಗೆಯೇ ಆ ಕಡೆ ಬರುವವರೆಗೆ ಒಂದು ಬಿಟ್ ಡೇಟಾವನ್ನೂ ಕಳಿಸಬೇಡಿ. ಈ ಲೇಖನದ ಬಹುತೇಕ ಹಂತಗಳಲ್ಲಿ ಒಂದು ಪರೀಕ್ಷೆ ಇದೆ. ಅದು ಪಾಸಾಗದೆ ಮುಂದಿನ ಹಂತಕ್ಕೆ ಕೈ ಹಾಕಬೇಡಿ.

ನಾವು ಕಟ್ಟುವುದು ಒಂದು ದಿಕ್ಕಿನ ಸಂಪರ್ಕ. ಸೆಕೆಂಡಿಗೆ 10,000 ಬಿಟ್ ವೇಗ, ಒಂದರಿಂದ ಎರಡು ಮೀಟರ್ ದೂರ. ವೇಗ ಕಡಿಮೆಯಾಯಿತು ಅನ್ನಿಸಬಹುದು. ಇಷ್ಟು ಗಟ್ಟಿಯಾಗಿ ನಡೆದರೆ ಏರಿಸುವುದು ಕಷ್ಟವಲ್ಲ.

## ಬೇಕಾದ ಸಾಮಾನು

- ಆರ್ಡುಯಿನೊ ಉನೊ ಬೋರ್ಡ್ (ಪ್ರೋಗ್ರಾಂ ಮಾಡಬಹುದಾದ ಚಿಕ್ಕ ಕಂಪ್ಯೂಟರ್ ಬೋರ್ಡ್) ಎರಡು. ಎರಡಕ್ಕೂ ಬೇರೆ ಬೇರೆ ವಿದ್ಯುತ್ ಮೂಲ, ಕನಿಷ್ಠ ಒಂದಕ್ಕೆ ಪವರ್ ಬ್ಯಾಂಕ್ ಅಥವಾ ಬ್ಯಾಟರಿ.
- ಬ್ರೆಡ್‌ಬೋರ್ಡ್ (ಬೆಸುಗೆ ಇಲ್ಲದೆ ಬಿಡಿಭಾಗ ಸಿಕ್ಕಿಸುವ ತೂತುಗಳ ಹಲಗೆ) ಎರಡು.
- ಬಿಳಿ ಎಲ್‌ಇಡಿ: ಕಿರಿದಾದ ಕೋನದ 5 ಮಿ.ಮೀ. ಎಲ್‌ಇಡಿ, ಅಥವಾ ಹೀಟ್‌ಸಿಂಕ್ ಮೇಲೆ ಕೂರಿಸಿದ 1 ವ್ಯಾಟ್ ಎಲ್‌ಇಡಿ.
- ಐಆರ್‌ಎಲ್‌ಝಡ್44ಎನ್ ಮಾಸ್‌ಫೆಟ್ (ಸಣ್ಣ ಸಿಗ್ನಲ್‌ನಿಂದ ದೊಡ್ಡ ಕರೆಂಟನ್ನು ಬಿಟ್ಟು ತಡೆಯುವ ಎಲೆಕ್ಟ್ರಾನಿಕ್ ಸ್ವಿಚ್) ಒಂದು.
- ಬಿಪಿಡಬ್ಲ್ಯು34 ಫೋಟೋಡಯೋಡ್ (ಬೆಳಕು ಬಿದ್ದರೆ ಕರೆಂಟ್ ಕೊಡುವ ಸೆನ್ಸರ್), ಪಾರದರ್ಶಕ ಹೊದಿಕೆಯದ್ದು.
- ಎಂಸಿಪಿ6022 ಆಪ್-ಆಂಪ್ (ಸಿಗ್ನಲ್ ಹಿಗ್ಗಿಸುವ ಭಾಗ, ಒಂದೇ ಚಿಪ್‌ನಲ್ಲಿ ಎರಡು ಇರುತ್ತವೆ), ಎಲ್‌ಎಂ393 ಕಂಪ್ಯಾರೇಟರ್ (ಎರಡು ವೋಲ್ಟೇಜ್ ಹೋಲಿಸಿ ಹೌದು-ಅಲ್ಲ ಎನ್ನುವ ಚಿಪ್).
- ರೆಸಿಸ್ಟರ್‌ಗಳು: 100 ಓಮ್, 10 ಕಿಲೋಓಮ್, 22 ಕಿಲೋಓಮ್, 100 ಕಿಲೋಓಮ್, 1 ಮೆಗಾಓಮ್. ಕೆಪಾಸಿಟರ್‌ಗಳು: 10 ಮತ್ತು 47 ಪಿಕೋಫ್ಯಾರಡ್, 10 ಮತ್ತು 100 ನ್ಯಾನೋಫ್ಯಾರಡ್, 1 ಮತ್ತು 10 ಮೈಕ್ರೋಫ್ಯಾರಡ್.
- ಮಲ್ಟಿಮೀಟರ್, ಸ್ವಂತ ಆಂಪ್ಲಿಫೈಯರ್ ಇರುವ ಚಿಕ್ಕ ಸ್ಪೀಕರ್, ಕಪ್ಪು ಕಾರ್ಡ್‌ಶೀಟಿನ ಒಂದು ತುಂಡು.

ಆಸಿಲೋಸ್ಕೋಪ್ (ಸಿಗ್ನಲ್ಲಿನ ಅಲೆಯನ್ನು ತೆರೆಯ ಮೇಲೆ ತೋರಿಸುವ ಉಪಕರಣ) ಇದ್ದರೆ ಒಳ್ಳೆಯದು. ಇಲ್ಲದಿದ್ದರೂ ಸ್ಪೀಕರ್ ಮತ್ತು ಆ ಕಪ್ಪು ಕಾರ್ಡ್ ಅದರ ಅರ್ಧ ಕೆಲಸ ಮಾಡುತ್ತವೆ. ಈ ಎರಡನ್ನು ಮಾತ್ರ ಬಿಡಬೇಡಿ.

ಸುರಕ್ಷತೆಯ ಬಗ್ಗೆ ಎರಡು ಮಾತು. ಮನೆಯ ಎಲ್‌ಇಡಿ ಬಲ್ಬನ್ನು ಬಿಚ್ಚಿ ಈ ಕೆಲಸಕ್ಕೆ ಬಳಸಬೇಡಿ. ಅದರೊಳಗಿನ ಸರ್ಕ್ಯೂಟ್ ನೇರವಾಗಿ ಮೇನ್ಸ್ ವಿದ್ಯುತ್ತಿಗೆ ತಗುಲಿಕೊಂಡಿರುತ್ತದೆ, ಮುಟ್ಟಿದರೆ ಪ್ರಾಣಕ್ಕೇ ಅಪಾಯ. ಅದೂ ಅಲ್ಲದೆ ಒಳಗಿನ ದೊಡ್ಡ ಕೆಪಾಸಿಟರ್ ನಿಮ್ಮ ಸಿಗ್ನಲ್ಲನ್ನು ನುಂಗಿಬಿಡುತ್ತದೆ. ಇನ್ನು, 1 ವ್ಯಾಟ್ ಎಲ್‌ಇಡಿಯನ್ನು ಹತ್ತಿರದಿಂದ ದಿಟ್ಟಿಸಬೇಡಿ. ದೂರ ಹೆಚ್ಚಿಸುವ ಆಸೆಗೆ ಲೇಸರ್ ಹಾಕುವುದಂತೂ ಬೇಡ.

## 1. ಸರಿಯಾದ ಫೋಟೋಡಯೋಡ್ ಆರಿಸಿಕೊಳ್ಳುವುದು

ಸೋಲಿನ ಮೊದಲ ಕಾರಣ ಇಲ್ಲೇ ಇರುತ್ತದೆ. ಬಿಪಿಡಬ್ಲ್ಯು34 ಹೆಸರಿನಲ್ಲೇ ಎರಡು ಬಗೆ ಸಿಗುತ್ತವೆ. ಒಂದು ಗಾಜಿನಂತೆ ತಿಳಿಯಾಗಿದ್ದು, ಒಳಗಿನ ಕಪ್ಪು ಚೌಕ ಎದ್ದು ಕಾಣುತ್ತದೆ. ಇನ್ನೊಂದರ ಹೊದಿಕೆಯೇ ಕಪ್ಪು, ಹೆಸರಿನ ಕೊನೆಯಲ್ಲಿ 'ಎಫ್' ಇರುತ್ತದೆ. ಆ ಕಪ್ಪು ಹೊದಿಕೆ ಕಣ್ಣಿಗೆ ಕಾಣುವ ಬೆಳಕನ್ನು ತಡೆದು ಅವಕೆಂಪನ್ನು (ಇನ್‌ಫ್ರಾರೆಡ್) ಮಾತ್ರ ಬಿಡುವ ಫಿಲ್ಟರ್. ಬಿಳಿ ಎಲ್‌ಇಡಿಯ ಬೆಳಕಿನಲ್ಲಿ ಅವಕೆಂಪು ಇಲ್ಲವೆನ್ನುವಷ್ಟು ಕಡಿಮೆ, ಹಾಗಾಗಿ ಅದಕ್ಕೆ ನಿಮ್ಮ ಎಲ್‌ಇಡಿ ಕಾಣುವುದೇ ಇಲ್ಲ. ನಾನು ಇಂಥ ಕಪ್ಪು ಡಯೋಡ್ ಇಟ್ಟುಕೊಂಡು ಮೂರು ಸಂಜೆ ಕಳೆದಿದ್ದೇನೆ. ಟಿವಿ ರಿಮೋಟ್ ಒತ್ತಿದರೆ ರಿಸೀವರ್ ಚೆನ್ನಾಗಿ ಸ್ಪಂದಿಸುತ್ತಿದ್ದುದರಿಂದ ಡಯೋಡಿನ ಮೇಲೆ ಅನುಮಾನವೇ ಬರಲಿಲ್ಲ.

ಟಿವಿ ರಿಮೋಟಿಗೆಂದೇ ಮಾಡಿದ ಮೂರು ಕಾಲಿನ ರಿಸೀವರ್‌ಗಳೂ ಆಗುವುದಿಲ್ಲ. ಅವು ಅವಕೆಂಪಿಗೆ, ಅದರಲ್ಲೂ 38 ಕಿಲೋಹರ್ಟ್ಸ್ ಆಸುಪಾಸಿನ ಮಿಣುಕಿಗೆ ಮಾತ್ರ ಸ್ಪಂದಿಸುತ್ತವೆ. ಎಲ್‌ಡಿಆರ್ (ಬೆಳಕಿಗೆ ತಕ್ಕಂತೆ ಬದಲಾಗುವ ರೆಸಿಸ್ಟರ್) ಬಹಳ ನಿಧಾನ. ಬೆಳಕು ಬದಲಾದದ್ದು ಅದಕ್ಕೆ ತಿಳಿಯಲು ಹತ್ತಾರು ಮಿಲಿಸೆಕೆಂಡ್ ಬೇಕು, ನಮ್ಮ ಒಂದು ಬಿಟ್‌ನ ಆಯುಷ್ಯ 0.1 ಮಿಲಿಸೆಕೆಂಡ್. ಸೋಲಾರ್ ಸೆಲ್‌ನಲ್ಲಿ ಹಾಡು ಕೇಳಿಸಬಹುದು, ಆದರೆ ಅದರ ದೊಡ್ಡ ಕೆಪಾಸಿಟೆನ್ಸ್ ಈ ವೇಗದ ಅಂಚುಗಳನ್ನು ಸವೆಸಿಹಾಕುತ್ತದೆ.

ಪರೀಕ್ಷೆ: ಮಲ್ಟಿಮೀಟರನ್ನು ಡಿಸಿ ಮೈಕ್ರೋಆಂಪಿಯರ್‌ಗೆ ಇಟ್ಟು ಡಯೋಡಿನ ಎರಡು ಕಾಲಿಗೆ ಹಿಡಿಯಿರಿ. ಬಿಳಿ ಎಲ್‌ಇಡಿ ಟಾರ್ಚ್ ಹತ್ತಿರ ತಂದರೆ ಓದು ಏರಬೇಕು, ಬೆರಳಲ್ಲಿ ಮುಚ್ಚಿದರೆ ಸೊನ್ನೆಗೆ ಬೀಳಬೇಕು. ಟಾರ್ಚ್‌ಗೆ ಕದಲದೆ ರಿಮೋಟ್‌ಗೆ ಮಾತ್ರ ಕದಲಿದರೆ ಡಯೋಡ್ ತಪ್ಪು.

## 2. ಕರೆಂಟನ್ನು ವೋಲ್ಟೇಜ್ ಮಾಡುವುದು

ಫೋಟೋಡಯೋಡ್ ಕೊಡುವುದು ಅತಿ ಸಣ್ಣ ಕರೆಂಟ್. ಅದನ್ನು ವೋಲ್ಟೇಜ್ ಮಾಡಲು ಬರೀ ಒಂದು ರೆಸಿಸ್ಟರ್ ಹಾಕಿದರೆ ರಿಸೀವರ್ ನಿಧಾನವಾಗುತ್ತದೆ. ಡಯೋಡಿನ ಒಳಗೇ ಸುಮಾರು 70 ಪಿಕೋಫ್ಯಾರಡ್ ಕೆಪಾಸಿಟೆನ್ಸ್ ಇದೆ. ಜಾಸ್ತಿ ವೋಲ್ಟೇಜ್ ಬೇಕೆಂದು ರೆಸಿಸ್ಟರ್ ಹೆಚ್ಚಿಸಿದಷ್ಟೂ ಅದು ತುಂಬಿ ಖಾಲಿಯಾಗಲು ಹೊತ್ತು ಹಿಡಿಯುತ್ತದೆ. ಆಪ್-ಆಂಪ್ ನಡುವೆ ಬಂದರೆ ಡಯೋಡಿನ ಮೇಲಿನ ವೋಲ್ಟೇಜ್ ಕದಲುವುದೇ ಇಲ್ಲ, ಹಾಗಾಗಿ ಆ ತೊಂದರೆ ಬಹುಮಟ್ಟಿಗೆ ತಪ್ಪುತ್ತದೆ.

ಜೋಡಣೆ ಹೀಗೆ: ಡಯೋಡಿನ ಕ್ಯಾಥೋಡ್ (ಮೈನಸ್ ಕಾಲು) ಆಪ್-ಆಂಪ್‌ನ ಮೈನಸ್ ಇನ್‌ಪುಟ್‌ಗೆ, ಆನೋಡ್ (ಪ್ಲಸ್ ಕಾಲು) ಗ್ರೌಂಡ್‌ಗೆ, ಪ್ಲಸ್ ಇನ್‌ಪುಟ್ ಕೂಡ ಗ್ರೌಂಡ್‌ಗೆ. ಔಟ್‌ಪುಟ್‌ನಿಂದ ಮೈನಸ್ ಇನ್‌ಪುಟ್‌ಗೆ 100 ಕಿಲೋಓಮ್, ಅದಕ್ಕೆ ಸಮಾನಾಂತರವಾಗಿ 10 ಪಿಕೋಫ್ಯಾರಡ್. ಚಿಪ್‌ನ ವಿದ್ಯುತ್ ಕಾಲುಗಳಿಗೆ ಅಂಟಿಕೊಂಡಂತೆ 100 ನ್ಯಾನೋಫ್ಯಾರಡ್ ಕೆಪಾಸಿಟರ್. ಡಯೋಡ್‌ನಿಂದ ಮೈನಸ್ ಇನ್‌ಪುಟ್‌ವರೆಗಿನ ತಂತಿ ಆದಷ್ಟು ಗಿಡ್ಡವಿರಲಿ. ಉದ್ದ ಜಂಪರ್ ವೈರ್ ಹಾಕಿದರೆ ಅದು ಆಂಟೆನಾ ಆಗಿ ಗೋಡೆಯೊಳಗಿನ ವೈರಿಂಗಿನ ಗದ್ದಲವನ್ನೆಲ್ಲ ಹಿಡಿಯುತ್ತದೆ.

ಆ 10 ಪಿಕೋಫ್ಯಾರಡ್ ಇಷ್ಟು ಚಿಕ್ಕದಲ್ಲವೇ ಎಂದು ಬಿಟ್ಟುಬಿಡುವವರು ಬಹಳ. ಅದಿಲ್ಲದಿದ್ದರೆ ಪ್ರತಿ ಅಂಚಿನಲ್ಲೂ ಅಲೆ ಗಂಟೆ ಬಾರಿಸಿದ ಹಾಗೆ ಕಂಪಿಸುತ್ತದೆ, ಕೆಲವೊಮ್ಮೆ ಸರ್ಕ್ಯೂಟ್ ತಾನಾಗಿಯೇ ಕೂಗಲು ಶುರುಮಾಡುತ್ತದೆ. 100 ಕಿಲೋಓಮ್ ಜೊತೆ 10 ಪಿಕೋಫ್ಯಾರಡ್ ಇದ್ದರೆ ರಿಸೀವರ್ ಸುಮಾರು 160 ಕಿಲೋಹರ್ಟ್ಸ್‌ವರೆಗೆ ಕೇಳುತ್ತದೆ, ನಮಗೆ ಬೇಕಾದದ್ದಕ್ಕಿಂತ ಬಹಳ ಹೆಚ್ಚು.

ಕೈಯಲ್ಲಿ ಎಲ್‌ಎಂ358 ಇದೆ, ಅದನ್ನೇ ಹಾಕಬಹುದೇ ಎಂದು ಕೇಳುತ್ತಾರೆ. 10,000 ಬಿಟ್ ವೇಗಕ್ಕೆ ಕಷ್ಟಪಟ್ಟು ನಡೆಯಬಹುದು. ಆದರೆ ಅದು ಮೈಕ್ರೋಸೆಕೆಂಡಿಗೆ 0.3 ವೋಲ್ಟ್‌ನಷ್ಟು ಮಾತ್ರ ಏರಬಲ್ಲದು, 5 ವೋಲ್ಟ್ ಕೊಟ್ಟರೆ ಔಟ್‌ಪುಟ್ 3.5 ವೋಲ್ಟ್ ಆಸುಪಾಸಿನಲ್ಲೇ ನಿಂತುಬಿಡುತ್ತದೆ. ಮೊದಲ ಸಲ ಕಟ್ಟುವವರಿಗೆ ಈ ತಲೆನೋವು ಬೇಡ.

ಪರೀಕ್ಷೆ: ಔಟ್‌ಪುಟ್‌ನ ಡಿಸಿ ವೋಲ್ಟೇಜ್ ಅಳೆಯಿರಿ. ಡಯೋಡ್ ಮುಚ್ಚಿದಾಗ ಸೊನ್ನೆಯ ಹತ್ತಿರ, ಮಾಮೂಲಿ ಕೋಣೆಯ ಬೆಳಕಿಗೆ ಒಂದು ವೋಲ್ಟ್‌ನ ಒಳಗೆ ಇರಬೇಕು. ಬೆಳಕು ಬಿಟ್ಟರೂ ಸೊನ್ನೆಯಲ್ಲೇ ಕೂತರೆ ಡಯೋಡ್ ತಿರುಗಾಮುರುಗಾ ಆಗಿದೆ, ಕಾಲು ಬದಲಿಸಿ. ಸದಾ 5 ವೋಲ್ಟ್ ಹತ್ತಿರವೇ ಇದ್ದರೆ ಸುತ್ತಲಿನ ಬೆಳಕು ರಿಸೀವರನ್ನು ತುಂಬಿಬಿಟ್ಟಿದೆ.

ಈ 'ತುಂಬಿಬಿಡುವುದು' ಹೇಗೆಂದು ಲೆಕ್ಕ ಹಾಕಿ ನೋಡಿ. ಹಳೆಯ ತಂತಿ ಬಲ್ಬಿನ 1000 ಲಕ್ಸ್ ಬೆಳಕಿಗೆ ಈ ಡಯೋಡ್ ಸುಮಾರು 70 ಮೈಕ್ರೋಆಂಪಿಯರ್ ಕೊಡುತ್ತದೆ. 100 ಕಿಲೋಓಮ್‌ನಿಂದ ಗುಣಿಸಿದರೆ 7 ವೋಲ್ಟ್. ಆಪ್-ಆಂಪ್‌ಗೆ ಸಿಗುತ್ತಿರುವುದೇ 5 ವೋಲ್ಟ್. ಅಂದರೆ ಔಟ್‌ಪುಟ್ ಛಾವಣಿಗೆ ತಲೆ ಹೊಡೆದು ನಿಂತಿದೆ, ನಿಮ್ಮ ಎಲ್‌ಇಡಿ ಎಷ್ಟು ಮಿಣುಕಿದರೂ ಅದಕ್ಕೆ ಕದಲಲು ಜಾಗವಿಲ್ಲ. ಕಿಟಕಿಯ ಬಿಸಿಲಿನಲ್ಲೂ ಹೀಗೇ. 'ರಾತ್ರಿ ನಡೆಯುತ್ತದೆ, ಹಗಲು ನಡೆಯುವುದಿಲ್ಲ' ಅನ್ನುವ ದೂರಿನ ಹಿಂದೆ ಇರುವುದು ಸಾಮಾನ್ಯವಾಗಿ ಇದೇ. ಡಯೋಡಿಗೆ ಕಪ್ಪು ಕಾಗದದ ಕೊಳವೆ ತೊಡಿಸಿ, ಕಿಟಕಿಗೆ ಬೆನ್ನು ಮಾಡಿ ಇಡಿ. ಸಾಲದಿದ್ದರೆ 100 ಕಿಲೋಓಮ್ ತೆಗೆದು 22 ಕಿಲೋಓಮ್ ಹಾಕಿ.

## 3. ರಿಸೀವರಿಗೆ ಕಿವಿ ಕೊಡುವುದು

ಆಪ್-ಆಂಪ್ ಔಟ್‌ಪುಟ್‌ನಿಂದ 1 ಮೈಕ್ರೋಫ್ಯಾರಡ್ ಕೆಪಾಸಿಟರ್ ಮೂಲಕ ಸ್ಪೀಕರಿನ ಆಡಿಯೋ ಇನ್‌ಪುಟ್‌ಗೆ ಸಂಪರ್ಕ ಕೊಡಿ. ವಾಲ್ಯೂಮ್ ಕಡಿಮೆಯಿಟ್ಟು ಶುರುಮಾಡಿ. ಈಗ ಡಯೋಡನ್ನು ಕೋಣೆಯ ದೀಪದ ಕಡೆ ತಿರುಗಿಸಿದರೆ ಗುಂಯ್ ಎನ್ನುವ ತಗ್ಗು ದನಿ ಕೇಳುತ್ತದೆ. ಮೇನ್ಸ್ 50 ಹರ್ಟ್ಸ್ ಇದ್ದರೆ ದೀಪ 100 ಸಲ, 60 ಇದ್ದರೆ 120 ಸಲ ಮಿಣುಕುತ್ತದೆ, ಆ ದನಿ ಅದೇ. ದೀಪದಿಂದ ದೀಪಕ್ಕೆ ಗುಂಯ್‌ಗುಡುವ ಜೋರು ಬೇರೆಯಿರುತ್ತದೆ. ರಿಮೋಟ್ ಒತ್ತಿದರೆ ಟರ್ರ್ ಎನ್ನುತ್ತದೆ. ಬೆಳಗಿನ ಬಿಸಿಲಿಗೆ ಹಿಡಿದರೆ ಸದ್ದೇ ಇಲ್ಲ, ಯಾಕೆಂದರೆ ಬಿಸಿಲು ಮಿಣುಕುವುದಿಲ್ಲ. ಅದೇ ಬಿಸಿಲಿನಲ್ಲಿ ಡಯೋಡಿನ ಮುಂದೆ ಬೆರಳುಗಳನ್ನು ಬೇಗ ಬೇಗ ಆಡಿಸಿದರೆ ದಬದಬ ಎನ್ನಬೇಕು. ಅದೂ ಇಲ್ಲವೆಂದರೆ ರಿಸೀವರ್ ತುಂಬಿಹೋಗಿದೆ.

ಐದು ನಿಮಿಷ ಹೀಗೆ ಕೇಳುತ್ತಾ ಕೋಣೆಯಲ್ಲಿ ಓಡಾಡಿ. ನೀವು ಯಾವ ಗದ್ದಲದ ನಡುವೆ ಮಾತಾಡಲು ಹೊರಟಿದ್ದೀರಿ ಎಂಬುದು ಇದಕ್ಕಿಂತ ಚೆನ್ನಾಗಿ ಇನ್ನಾವುದರಿಂದಲೂ ತಿಳಿಯುವುದಿಲ್ಲ.

ಪರೀಕ್ಷೆ: ಡಯೋಡನ್ನು ಪೂರ್ತಿ ಮುಚ್ಚಿದಾಗ ಗುಂಯ್ ನಿಲ್ಲಬೇಕು. ಮುಚ್ಚಿದ ಮೇಲೂ ಬರುತ್ತಿದ್ದರೆ ಅದು ಬೆಳಕಿನಿಂದ ಬಂದದ್ದಲ್ಲ, ತಂತಿಯಿಂದ ಅಥವಾ ಅಡಾಪ್ಟರಿನಿಂದ ನುಸುಳಿದ್ದು. ತಂತಿ ಗಿಡ್ಡ ಮಾಡಿ, ರಿಸೀವರನ್ನು ಬ್ಯಾಟರಿಗೆ ಬದಲಿಸಿ.

## 4. ಎಲ್‌ಇಡಿ ಕಡೆ

20 ಮಿಲಿಆಂಪಿಯರ್ ಸಾಕಾಗುವ 5 ಮಿ.ಮೀ. ಎಲ್‌ಇಡಿಗೆ 5 ವೋಲ್ಟ್‌ನಿಂದ 100 ಓಮ್ ಸಾಕು. ಬಿಳಿ ಎಲ್‌ಇಡಿ ತಾನೇ 3.2 ವೋಲ್ಟ್ ಆಸುಪಾಸು ಇಟ್ಟುಕೊಳ್ಳುತ್ತದೆ, ಉಳಿದ 1.8 ವೋಲ್ಟ್ ರೆಸಿಸ್ಟರಿನ ಪಾಲು. 1 ವ್ಯಾಟ್ ಎಲ್‌ಇಡಿಗೆ 300 ಮಿಲಿಆಂಪಿಯರ್ ಬೇಕೆಂದರೆ ಸುಮಾರು 6 ಓಮ್ ಹಾಕಬೇಕು, ಅದರಲ್ಲಿ ಅರ್ಧ ವ್ಯಾಟ್‌ಗೂ ಹೆಚ್ಚು ಶಾಖವಾಗಿ ಹೋಗುತ್ತದೆ. ಸಾಧಾರಣ ಕಾಲು ವ್ಯಾಟ್ ರೆಸಿಸ್ಟರ್ ಸುಟ್ಟು ವಾಸನೆ ಬರುತ್ತದೆ, 2 ವ್ಯಾಟ್‌ನದು ಹಾಕಿ. ಈ ಕರೆಂಟನ್ನು ಆರ್ಡುಯಿನೊದ ಪಿನ್‌ನಿಂದ ಎಳೆಯಬೇಡಿ, ಪಿನ್ ಸತ್ತೇ ಹೋಗುತ್ತದೆ.

ಎಲ್‌ಇಡಿಯ ಮೈನಸ್ ಕಾಲು (ಕ್ಯಾಥೋಡ್) ಮಾಸ್‌ಫೆಟ್‌ನ ಡ್ರೇನ್‌ಗೆ, ಸೋರ್ಸ್ ಗ್ರೌಂಡ್‌ಗೆ. ಆರ್ಡುಯಿನೊದ 9ನೇ ಪಿನ್‌ನಿಂದ ಗೇಟ್‌ಗೆ 100 ಓಮ್, ಗೇಟ್‌ನಿಂದ ಗ್ರೌಂಡ್‌ಗೆ 10 ಕಿಲೋಓಮ್. ಮಾಸ್‌ಫೆಟ್ 'ಲಾಜಿಕ್ ಲೆವೆಲ್' ಬಗೆಯದ್ದೇ ಇರಬೇಕು. ಐಆರ್‌ಎಫ್540 ಥರದವಕ್ಕೆ ಗೇಟ್‌ನಲ್ಲಿ 10 ವೋಲ್ಟ್ ಕೊಟ್ಟರಷ್ಟೇ ಪೂರ್ತಿ ತೆರೆಯುತ್ತವೆ. 5 ವೋಲ್ಟ್‌ಗೆ ಎಲ್‌ಇಡಿ ಉರಿದಂತೆ ಕಂಡರೂ ಅರೆಬರೆ ತೆರೆದ ಮಾಸ್‌ಫೆಟ್ ಬಿಸಿಯಾಗುತ್ತಿರುತ್ತದೆ.

ಪರೀಕ್ಷೆ: ಟೋನ್ ಫಂಕ್ಷನ್ ಬಳಸಿ 9ನೇ ಪಿನ್‌ಗೆ 1000 ಹರ್ಟ್ಸ್ ಕೊಡಿ. ಕಣ್ಣಿಗೆ ಎಲ್‌ಇಡಿ ಸ್ಥಿರವಾಗಿ, ಸ್ವಲ್ಪ ಮಂದವಾಗಿ ಕಾಣುತ್ತದೆ. ಮೊಬೈಲ್ ಕ್ಯಾಮೆರಾ ಹತ್ತಿರ ಹಿಡಿದರೆ ಸ್ಕ್ರೀನಿನಲ್ಲಿ ಕಪ್ಪು ಬಿಳಿ ಪಟ್ಟೆಗಳು ಮೂಡುತ್ತವೆ. ಕ್ಯಾಮೆರಾ ಚಿತ್ರವನ್ನು ಸಾಲು ಸಾಲಾಗಿ ಓದುವುದರಿಂದ ಕೆಲವು ಸಾಲಿಗೆ ಎಲ್‌ಇಡಿ ಉರಿದಿರುತ್ತದೆ, ಕೆಲವಕ್ಕೆ ಆರಿರುತ್ತದೆ. ಪಟ್ಟೆ ಕಂಡರೆ ಎಲ್‌ಇಡಿ ನಿಜಕ್ಕೂ ಮಿಣುಕುತ್ತಿದೆ ಎಂದರ್ಥ.

## 5. ಚೌಕ ಅಲೆ ಮತ್ತು ಕಪ್ಪು ಕಾರ್ಡ್

ಈಗ ಎಲ್‌ಇಡಿಯನ್ನು ಡಯೋಡಿಗೆ ಎದುರಾಗಿ ಅರ್ಧ ಮೀಟರ್ ದೂರದಲ್ಲಿಟ್ಟು 1000 ಹರ್ಟ್ಸ್ ಹರಿಸಿ. ಸ್ಪೀಕರಿನಲ್ಲಿ ಪೀ ಎಂಬ ಸ್ಪಷ್ಟ ದನಿ ಬರಬೇಕು. 5000 ಹರ್ಟ್ಸ್‌ಗೆ ಏರಿಸಿ, ದನಿ ಕೀರಲಾಗುತ್ತದೆ. ಎಲ್‌ಇಡಿಯನ್ನು ಸ್ವಲ್ಪ ಸ್ವಲ್ಪವೇ ತಿರುಗಿಸಿ ದನಿ ಎಲ್ಲಿ ಅತಿ ಜೋರೋ ಅಲ್ಲಿ ಅಂಟಿಸಿಬಿಡಿ. ಕಣ್ಣಿನ ಅಂದಾಜಿಗಿಂತ ಕಿವಿಯ ಅಂದಾಜು ಇಲ್ಲಿ ನಿಖರ.

ಇನ್ನು ಈ ಲೇಖನದಲ್ಲಿ ನಾನು ಅತಿ ಮುಖ್ಯ ಎಂದುಕೊಂಡಿರುವ ಪರೀಕ್ಷೆ. ಎರಡರ ನಡುವೆ ಕಪ್ಪು ಕಾರ್ಡ್ ಅಡ್ಡ ಹಿಡಿಯಿರಿ. ದನಿ ತಟ್ಟನೆ ನಿಲ್ಲಬೇಕು. ನಿಲ್ಲದಿದ್ದರೆ ನಿಮ್ಮ ಸಿಗ್ನಲ್ ಬೆಳಕಿನಲ್ಲಿ ಹೋಗುತ್ತಲೇ ಇಲ್ಲ. ಎರಡೂ ಬೋರ್ಡ್ ಒಂದೇ ಕಂಪ್ಯೂಟರಿನ ಯುಎಸ್‌ಬಿಯಿಂದ ವಿದ್ಯುತ್ ತೆಗೆದುಕೊಳ್ಳುವಾಗ ಎಲ್‌ಇಡಿ ಹತ್ತಿದಾಗಲೆಲ್ಲ ವೋಲ್ಟೇಜ್ ಚೂರು ಕುಸಿಯುತ್ತದೆ, ಆ ಕುಸಿತವನ್ನೇ ರಿಸೀವರ್ ಸಿಗ್ನಲ್ ಎಂದು ಓದುತ್ತದೆ. ಮೇಜಿನ ಮೇಲೆ ಸೊಗಸಾಗಿ ನಡೆದ ಸರ್ಕ್ಯೂಟ್ ಬೇರೆ ಕೋಣೆಗೆ ಒಯ್ದ ಕೂಡಲೇ ಸಾಯುವುದು ಇದರಿಂದಲೇ. ವಿದ್ಯುತ್ ಮೂಲ ಬೇರೆ ಮಾಡಿ, ಬ್ರೆಡ್‌ಬೋರ್ಡ್ ಬೇರೆ ಮಾಡಿ, ಗ್ರೌಂಡ್ ತಂತಿಯನ್ನೂ ಸೇರಿಸಬೇಡಿ. ಬೆಳಕಿನ ಸಂಪರ್ಕಕ್ಕೆ ಎರಡೂ ಕಡೆಯ ಗ್ರೌಂಡ್ ಒಂದಾಗಬೇಕಾಗಿಲ್ಲ.

ಎಷ್ಟು ಸಿಗ್ನಲ್ ನಿರೀಕ್ಷಿಸಬಹುದು? ಬಿಳಿ ಎಲ್‌ಇಡಿಯ ಪ್ರತಿ ಲಕ್ಸ್‌ಗೆ ಈ ಡಯೋಡಿನಿಂದ ಅಂದಾಜು 8 ನ್ಯಾನೋಆಂಪಿಯರ್ ಸಿಗುತ್ತದೆ. ಲೆನ್ಸ್ ಇಲ್ಲದ 1 ವ್ಯಾಟ್ ಎಲ್‌ಇಡಿ ಒಂದು ಮೀಟರ್ ದೂರದಲ್ಲಿ ನೇರ ಎದುರಿಗೆ 30 ಲಕ್ಸ್ ಆಸುಪಾಸು ಕೊಡುತ್ತದೆ ಎಂದುಕೊಂಡರೆ ಸಿಗ್ನಲ್ ಸುಮಾರು 24 ಮಿಲಿವೋಲ್ಟ್. ಎರಡು ಮೀಟರ್‌ಗೆ ಅದರ ಕಾಲುಭಾಗ, 6 ಮಿಲಿವೋಲ್ಟ್. ಇಷ್ಟು ಸಣ್ಣದನ್ನು ನೇರವಾಗಿ ಆರ್ಡುಯಿನೊಗೆ ಕೊಟ್ಟರೆ ಅದಕ್ಕೆ ಏನೂ ಗೊತ್ತಾಗುವುದಿಲ್ಲ. ಮುಂದಿನ ಹಂತ ಬೇಕಾಗುವುದು ಅದಕ್ಕೇ.

## 6. ಸೋಸಿ, ಹಿಗ್ಗಿಸಿ, ಹೌದು-ಅಲ್ಲ ಮಾಡುವುದು

ಮೊದಲು 2.5 ವೋಲ್ಟ್‌ನ ಒಂದು ನಡುಮಟ್ಟ ಮಾಡಿಕೊಳ್ಳಿ: 5 ವೋಲ್ಟ್ ಮತ್ತು ಗ್ರೌಂಡ್ ನಡುವೆ ಎರಡು 10 ಕಿಲೋಓಮ್, ನಡುವಿನ ಬಿಂದುವಿನಿಂದ ಗ್ರೌಂಡ್‌ಗೆ 10 ಮೈಕ್ರೋಫ್ಯಾರಡ್.

ಮೊದಲ ಆಪ್-ಆಂಪ್‌ನ ಔಟ್‌ಪುಟ್‌ನಿಂದ 10 ನ್ಯಾನೋಫ್ಯಾರಡ್ ಮೂಲಕ ಎರಡನೇ ಆಪ್-ಆಂಪ್‌ನ ಪ್ಲಸ್ ಇನ್‌ಪುಟ್‌ಗೆ ಹೋಗಿ. ಆ ಇನ್‌ಪುಟ್‌ನಿಂದ ನಡುಮಟ್ಟಕ್ಕೆ 10 ಕಿಲೋಓಮ್. ಈ ಜೋಡಿ 1.6 ಕಿಲೋಹರ್ಟ್ಸ್‌ಗಿಂತ ಕೆಳಗಿನದನ್ನು ತಡೆಯುತ್ತದೆ. ದೀಪದ 100 ಹರ್ಟ್ಸ್ ಗುಂಯ್ ಹದಿನಾರರಲ್ಲಿ ಒಂದು ಪಾಲಿಗೆ ಇಳಿಯುತ್ತದೆ, ಬಿಸಿಲಿನ ಸ್ಥಿರ ಬೆಳಕು ಪೂರ್ತಿ ಹೊರಗೆ. ಎರಡನೇ ಆಪ್-ಆಂಪ್‌ನ ಮೈನಸ್ ಇನ್‌ಪುಟ್‌ನಿಂದ ನಡುಮಟ್ಟಕ್ಕೆ 10 ಕಿಲೋಓಮ್, ಔಟ್‌ಪುಟ್‌ನಿಂದ ಮೈನಸ್‌ಗೆ 100 ಕಿಲೋಓಮ್. ಸಿಗ್ನಲ್ 11 ಪಟ್ಟು ದೊಡ್ಡದಾಗುತ್ತದೆ.

ಕೊನೆಗೆ ಎಲ್‌ಎಂ393. ಹಿಗ್ಗಿಸಿದ ಸಿಗ್ನಲ್ 10 ಕಿಲೋಓಮ್ ಮೂಲಕ ಅದರ ಪ್ಲಸ್ ಇನ್‌ಪುಟ್‌ಗೆ, ನಡುಮಟ್ಟ ಅದರ ಮೈನಸ್‌ಗೆ. ಔಟ್‌ಪುಟ್‌ನಿಂದ ಪ್ಲಸ್ ಇನ್‌ಪುಟ್‌ಗೆ 1 ಮೆಗಾಓಮ್, ಔಟ್‌ಪುಟ್‌ನಿಂದ 5 ವೋಲ್ಟ್‌ಗೆ 10 ಕಿಲೋಓಮ್. ಈ ಕೊನೆಯ ರೆಸಿಸ್ಟರ್ ಮರೆತವರು ಲೆಕ್ಕವಿಲ್ಲದಷ್ಟು. ಎಲ್‌ಎಂ393 ತನ್ನ ಔಟ್‌ಪುಟ್ಟನ್ನು ಕೆಳಗೆ ಎಳೆಯಬಲ್ಲದೇ ಹೊರತು ಮೇಲೆ ಎತ್ತಲಾರದು. ಎತ್ತುವುದು ಆ ರೆಸಿಸ್ಟರ್. 1 ಮೆಗಾಓಮ್‌ನ ಕೆಲಸ ಚಂಚಲತೆ ತಡೆಯುವುದು: ಸಿಗ್ನಲ್ ಸುಮಾರು 50 ಮಿಲಿವೋಲ್ಟ್ ದಾಟಿದರೆ ಮಾತ್ರ ಔಟ್‌ಪುಟ್ ಬದಲಾಗುತ್ತದೆ, ಪುಡಿ ಗದ್ದಲಕ್ಕೆ ಕುಣಿಯುವುದಿಲ್ಲ.

ಆಸಿಲೋಸ್ಕೋಪ್ ಇದ್ದವರಿಗೆ ಒಂದು ಸೂಚನೆ. ಸೋಸಿದ ಮೇಲೆ ಚೌಕ ಅಲೆಯ ತಲೆ ಸಮತಟ್ಟಾಗಿರದೆ ಇಳಿಜಾರಾಗಿ ಕಾಣುತ್ತದೆ. ಅದು ದೋಷವಲ್ಲ. ನಮಗೆ ಬೇಕಾದದ್ದು ಅಂಚು ಬೀಳುವ ಕ್ಷಣ, ತಲೆಯ ಆಕಾರವಲ್ಲ.

ಪರೀಕ್ಷೆ: 5000 ಹರ್ಟ್ಸ್ ಹರಿಸಿ, ಕಂಪ್ಯಾರೇಟರ್ ಔಟ್‌ಪುಟ್ಟನ್ನು ರಿಸೀವರ್ ಆರ್ಡುಯಿನೊದ 2ನೇ ಪಿನ್‌ಗೆ ಕೊಟ್ಟು ಒಂದು ಸೆಕೆಂಡಿನಲ್ಲಿ ಎಷ್ಟು ಏರು ಅಂಚು ಬಂದವು ಎಂದು ಎಣಿಸುವ ಪುಟ್ಟ ಪ್ರೋಗ್ರಾಂ ಓಡಿಸಿ. ಓದು 5000ದ ಅಕ್ಕಪಕ್ಕ ಗಟ್ಟಿಯಾಗಿ ನಿಲ್ಲಬೇಕು, ಕಾರ್ಡ್ ಅಡ್ಡ ಇಟ್ಟರೆ ಸೊನ್ನೆ ಅಥವಾ ಬೆರಳೆಣಿಕೆಗೆ ಬೀಳಬೇಕು. 5300, 6100 ಎಂದು ಹೊಯ್ದಾಡಿದರೆ ಗದ್ದಲ ಒಳಗೆ ಬರುತ್ತಿದೆ. ಕೆಲವು ದೀಪಗಳ ಡ್ರೈವರ್ ಹತ್ತಾರು ಕಿಲೋಹರ್ಟ್ಸ್‌ನಲ್ಲಿ ಮಿಣುಕುತ್ತದೆ, ಕಿವಿಗೆ ಕೇಳದ ಗದ್ದಲ ಅದು. ಆ ದೀಪ ಆರಿಸಿ ನೋಡಿ. ಅದೇ ಕಾರಣವಾದರೆ 10 ಪಿಕೋಫ್ಯಾರಡ್ ಜಾಗದಲ್ಲಿ 47 ಹಾಕಿ, ರಿಸೀವರಿನ ಮೇಲಿನ ಮಿತಿ 34 ಕಿಲೋಹರ್ಟ್ಸ್‌ಗೆ ಇಳಿಯುತ್ತದೆ.

## 7. ಬಿಟ್‌ಗಳನ್ನು ಬೆಳಕಿಗೆ ಹೊಂದಿಸುವುದು

ಇಲ್ಲಿ ಬಹುತೇಕರು ಸೀರಿಯಲ್ ಪಿನ್ ತೆಗೆದು ನೇರ ಮಾಸ್‌ಫೆಟ್‌ಗೆ ಸಿಕ್ಕಿಸುತ್ತಾರೆ. ಅದು ಹೀಗೆ ಕೆಡುತ್ತದೆ: ಸೀರಿಯಲ್‌ನಲ್ಲಿ ಒಂದೇ ಬಗೆಯ ಬಿಟ್‌ಗಳು ಸಾಲಾಗಿ ಬಂದಾಗ ಎಲ್‌ಇಡಿ ಅಷ್ಟು ಹೊತ್ತು ಉರಿದೇ ಇರುತ್ತದೆ ಅಥವಾ ಆರಿಯೇ ಇರುತ್ತದೆ. ಸ್ಥಿರ ಬೆಳಕನ್ನು ಹೊರಹಾಕಲೆಂದೇ ನಾವು ಫಿಲ್ಟರ್ ಹಾಕಿದ್ದೇವೆ. ಅದು ನಿಮ್ಮ ಬಿಟ್ಟನ್ನೂ ಬಿಸಿಲೆಂದು ತಿಳಿದು ಹೊರಹಾಕುತ್ತದೆ.

ಅದಕ್ಕಾಗಿ ಮ್ಯಾಂಚೆಸ್ಟರ್ ಕೋಡಿಂಗ್. ಪ್ರತಿ ಬಿಟ್ಟಿನ ಸಮಯವನ್ನು ಎರಡು ಅರ್ಧ ಮಾಡಿ. 1 ಕಳಿಸಬೇಕಾದರೆ ಮೊದಲರ್ಧ ಆರಿಸಿ, ಎರಡನೇ ಅರ್ಧ ಹೊತ್ತಿಸಿ. 0 ಕಳಿಸಬೇಕಾದರೆ ಅದರ ವಿರುದ್ಧ. ಡೇಟಾ ಏನೇ ಇರಲಿ, ಪ್ರತಿ ಬಿಟ್ಟಿನ ನಡುವೆ ಒಂದು ಅಂಚು ಇದ್ದೇ ಇರುತ್ತದೆ, ಎಲ್‌ಇಡಿ ಸರಿಯಾಗಿ ಅರ್ಧ ಹೊತ್ತು ಉರಿಯುತ್ತದೆ. ಹಾಗಾಗಿ ಕಣ್ಣಿಗೆ ಬೆಳಕು ಏರಿಳಿಯುವುದಿಲ್ಲ. ಕಳಿಸಲು ಏನೂ ಇಲ್ಲದಾಗಲೂ 1010 ಮಾದರಿಯನ್ನು ಹರಿಸುತ್ತಲೇ ಇರಿ. ನಿಲ್ಲಿಸಿದರೆ ಪ್ರತಿ ಸಂದೇಶಕ್ಕೂ ದೀಪ ಕುಕ್ಕಿದ ಹಾಗೆ ಕಾಣುತ್ತದೆ. ಬೆಳಕಿನ ಸಂವಹನದ ಐಇಇಇ 802.15.7 ಮಾನದಂಡವೂ 200 ಹರ್ಟ್ಸ್‌ಗಿಂತ ನಿಧಾನದ ಏರಿಳಿತ ಕಣ್ಣಿಗೆ ತಟ್ಟದಂತೆ ನೋಡಿಕೊಳ್ಳಲು ಹೇಳುತ್ತದೆ. ಪ್ರಯೋಗಕ್ಕೆಂದು ಸೆಕೆಂಡಿಗೆ ಹತ್ತಿಪ್ಪತ್ತು ಸಲ ಮಿಣುಕಿಸುವುದನ್ನು ತಪ್ಪಿಸಿ, ಬೆಳಕಿನ ಮಿಣುಕಿಗೆ ಮೂರ್ಛೆ ಬರುವವರಿಗೆ ಅದು ನಿಜವಾದ ಅಪಾಯ.

ಇನ್ನೊಂದು ದೊಡ್ಡ ತಪ್ಪು: ಡೇಟಾ ಬರದಿದ್ದಾಗ 'ಮೊದಲು ನಿಧಾನವಾಗಿ ಕಳಿಸಿ ನೋಡೋಣ' ಎಂದು ವೇಗವನ್ನು 1000ಕ್ಕೆ, 300ಕ್ಕೆ ಇಳಿಸುವುದು. ತಂತಿಯಲ್ಲಾದರೆ ಅದು ಒಳ್ಳೆಯ ಉಪಾಯ. ಇಲ್ಲಿ ಇಳಿಸಿದಷ್ಟೂ ನೀವು ದೀಪದ ಗುಂಯ್ ದನಿಯ ಹತ್ತಿರ ಹೋಗುತ್ತೀರಿ, ಫಿಲ್ಟರಿನ ಬಾಯಿಗೆ ಬೀಳುತ್ತೀರಿ. ಸೆಕೆಂಡಿಗೆ 1000 ಬಿಟ್ ಆದರೆ ಫಿಲ್ಟರಿನಾಚೆ ಅಂಚಿಗೊಂದು ಚೂಪು ಮುಳ್ಳು ಮಾತ್ರ ಉಳಿಯುತ್ತದೆ. 10,000ದಲ್ಲೇ ಇರಿ.

ಕಳಿಸುವ ಕಡೆ ಡಿಲೇ ಹಾಕಿ ಪಿನ್ ಬದಲಿಸಬೇಡಿ, ಅಂಚುಗಳು ಹಿಂದೆ ಮುಂದೆ ಆಗುತ್ತವೆ. ಟೈಮರ್ 1 ಅನ್ನು ಸಿಟಿಸಿ ಮೋಡ್‌ನಲ್ಲಿ (ಹೋಲಿಕೆಯ ಬೆಲೆ ಮುಟ್ಟಿದ ಕೂಡಲೇ ಸೊನ್ನೆಯಿಂದ ಮತ್ತೆ ಎಣಿಸುವ ಬಗೆ), ಪ್ರಿಸ್ಕೇಲರ್ (ಗಡಿಯಾರವನ್ನು ಭಾಗಿಸುವ ಸಂಖ್ಯೆ) 8 ಮತ್ತು ಹೋಲಿಕೆಯ ಬೆಲೆ 99 ಇಟ್ಟರೆ 16 ಮೆಗಾಹರ್ಟ್ಸ್ ಉನೊದಲ್ಲಿ ಸರಿಯಾಗಿ 50 ಮೈಕ್ರೋಸೆಕೆಂಡಿಗೊಮ್ಮೆ ಇಂಟರಪ್ಟ್ (ನಡೆಯುತ್ತಿರುವ ಕೆಲಸ ನಿಲ್ಲಿಸಿ ಬೇರೆ ಕೋಡ್ ಓಡಿಸುವ ಕರೆ) ಬರುತ್ತದೆ. ಪ್ರತಿ ಇಂಟರಪ್ಟ್‌ನಲ್ಲಿ ಒಂದು ಅರ್ಧ ಬಿಟ್.

## 8. ಅಂಚುಗಳಿಂದ ಅಕ್ಷರಕ್ಕೆ

ರಿಸೀವರಿನಲ್ಲಿ 2ನೇ ಪಿನ್‌ಗೆ ಏರು-ಇಳಿ ಎರಡೂ ಅಂಚಿಗೆ ಇಂಟರಪ್ಟ್ ಇಡಿ. ಅದರೊಳಗೆ ಮಾಡಬೇಕಾದದ್ದು ಎರಡೇ: ಹಿಂದಿನ ಅಂಚಿನಿಂದ ಎಷ್ಟು ಮೈಕ್ರೋಸೆಕೆಂಡ್ ಆಯಿತು, ಈಗ ಪಿನ್ ಮೇಲಿದೆಯೋ ಕೆಳಗೋ, ಇವನ್ನು ಒಂದು ಬಫರಿಗೆ (ತಾತ್ಕಾಲಿಕ ನೆನಪಿನ ಜಾಗಕ್ಕೆ) ಬರೆದುಕೊಳ್ಳುವುದು. ಸೀರಿಯಲ್ ಪ್ರಿಂಟನ್ನು ಇಂಟರಪ್ಟ್ ಒಳಗೆ ಹಾಕಬೇಡಿ. ಹಾಕಿದರೆ ಒಂದು ಅಕ್ಷರ ಮುದ್ರಿಸುವಷ್ಟರಲ್ಲಿ ಹಲವು ಅಂಚುಗಳು ಕೈತಪ್ಪಿಹೋಗುತ್ತವೆ.

ಅಂತರ ಎರಡೇ ಬಗೆ ಇರಬೇಕು, 50 ಅಥವಾ 100 ಮೈಕ್ರೋಸೆಕೆಂಡ್. 25ರಿಂದ 75ರವರೆಗಿನದು 'ಗಿಡ್ಡ', 75ರಿಂದ 125ರವರೆಗಿನದು 'ಉದ್ದ', ಉಳಿದದ್ದು ಗದ್ದಲ ಎಂದುಕೊಳ್ಳಿ. ಬಿಡಿಸುವ ನಿಯಮ ಹೀಗೆ:

- ಉದ್ದ ಅಂತರದ ಕೊನೆಯ ಅಂಚು ಯಾವಾಗಲೂ ಬಿಟ್ಟಿನ ನಡುವೆಯೇ ಬೀಳುತ್ತದೆ. ಅಲ್ಲಿಂದ ಲೆಕ್ಕ ಶುರು.
- ಬಿಟ್ಟಿನ ನಡುವೆ ಇದ್ದೀರಿ, ಮುಂದೆ ಉದ್ದ ಬಂತು: ಮತ್ತೆ ಬಿಟ್ಟಿನ ನಡು. ಪಿನ್ ಏರಿದ್ದರೆ 1, ಇಳಿದಿದ್ದರೆ 0.
- ಮುಂದೆ ಗಿಡ್ಡ ಬಂತು: ಎರಡು ಬಿಟ್‌ಗಳ ಗಡಿಯಲ್ಲಿದ್ದೀರಿ. ಅದರ ಮುಂದಿನದೂ ಗಿಡ್ಡವೇ ಆಗಬೇಕು, ಆಗ ಬಿಟ್ ಓದಿ. ಉದ್ದ ಬಂದರೆ ಎಲ್ಲೋ ತಪ್ಪಿದೆ, ಆ ಪ್ಯಾಕೆಟ್ (ಒಂದು ಸಂದೇಶದ ಪೂರ್ತಿ ಕಂತೆ) ಬಿಟ್ಟುಬಿಡಿ.

ಪ್ಯಾಕೆಟ್ಟಿನ ಮುಂಭಾಗಕ್ಕೆ 10101010 ಎಂಬ ಬೈಟನ್ನು ನಾಲ್ಕು ಸಲ ಇಡಿ. ಇದನ್ನೇ ಇಡಲು ಕಾರಣವಿದೆ: ಮ್ಯಾಂಚೆಸ್ಟರ್‌ನಲ್ಲಿ ಒಂದು ಬಿಟ್ ಬಿಟ್ಟು ಒಂದು ಬದಲಾದರೆ ಎಲ್ಲ ಅಂತರವೂ ಉದ್ದವೇ ಆಗುತ್ತದೆ, ಬಿಟ್ಟಿನ ನಡು ಎಲ್ಲಿ ಎಂಬ ಗೊಂದಲ ಉಳಿಯುವುದಿಲ್ಲ. ಬರೀ 1ಗಳನ್ನೋ ಬರೀ 0ಗಳನ್ನೋ ಇಟ್ಟರೆ ಎಲ್ಲವೂ ಗಿಡ್ಡವಾಗಿ, ಯಾವುದು ನಡು, ಯಾವುದು ಗಡಿ ಎಂದು ಹೇಳಲು ಬರುವುದಿಲ್ಲ. ಅದಾದ ಮೇಲೆ ಗುರುತಿನ ಎರಡು ಬೈಟ್, ಉದಾಹರಣೆಗೆ 00101101 11010100. ನಂತರ ಉದ್ದ ಹೇಳುವ ಒಂದು ಬೈಟ್, ಸಂದೇಶ, ಕೊನೆಯಲ್ಲಿ ಸಿಆರ್‌ಸಿ-16 (ಸಂದೇಶ ದಾರಿಯಲ್ಲಿ ಕೆಟ್ಟಿತೇ ಎಂದು ತಾಳೆ ನೋಡುವ ಸಂಖ್ಯೆ). ಇದಕ್ಕೆ ಸಿದ್ಧ ಫಂಕ್ಷನ್ ಆರ್ಡುಯಿನೊ ಜೊತೆ ಬರುವ ಎವಿಆರ್ ಲೈಬ್ರರಿಯಲ್ಲೇ ಇದೆ. ಸಿಆರ್‌ಸಿ ತಾಳೆಯಾಗದ ಪ್ಯಾಕೆಟ್ಟನ್ನು ತೋರಿಸಬೇಡಿ, ಆದರೆ ಎಣಿಸಿ. ಆ ಎಣಿಕೆಯೇ ಮುಂದೆ ನಿಮ್ಮ ಅಳತೆಗೋಲು.

ಪರೀಕ್ಷೆ: ಒಂದೇ ಸಂದೇಶವನ್ನು ಸಂಖ್ಯೆ ಸಮೇತ 1000 ಸಲ ಕಳಿಸಿ. ಅರ್ಧ ಮೀಟರ್ ದೂರದಲ್ಲಿ ಒಂದೂ ತಪ್ಪಬಾರದು.

## 9. ದೂರ ಹೆಚ್ಚಿಸುವುದು

ಎರಡು ಮೀಟರ್ ಹತ್ತಿರ ತಪ್ಪುಗಳು ಶುರುವಾದರೆ ಕೂಡಲೇ ಎಲ್‌ಇಡಿಯ ಕರೆಂಟ್ ಏರಿಸಲು ಹೋಗಬೇಡಿ. ಕರೆಂಟ್ ಎರಡು ಪಟ್ಟು ಮಾಡಿದರೆ ದೂರ ಒಂದೂವರೆ ಪಟ್ಟೂ ಆಗುವುದಿಲ್ಲ, ಶಾಖ ಮಾತ್ರ ಏರುತ್ತದೆ. ಅದರ ಬದಲು ಡಯೋಡಿನ ಮುಂದೆ ಲೆನ್ಸ್ ಇಡಿ. ಬಿಪಿಡಬ್ಲ್ಯು34ರ ಬೆಳಕು ಹಿಡಿಯುವ ಜಾಗ ಬರೀ 7.5 ಚದರ ಮಿ.ಮೀ. 25 ಮಿ.ಮೀ. ವ್ಯಾಸದ ಸಾಧಾರಣ ಭೂತಗನ್ನಡಿ 490 ಚದರ ಮಿ.ಮೀ. ಬೆಳಕನ್ನು ಅದರ ಮೇಲೆ ಸುರಿಯುತ್ತದೆ, ಅಂದರೆ ಅರವತ್ತೈದು ಪಟ್ಟು. ನಷ್ಟ ಕಳೆದರೂ ದೂರ ಐದಾರು ಪಟ್ಟು ಸಿಗುತ್ತದೆ. ಜೊತೆಗೆ ಲೆನ್ಸ್ ಎದುರಿನ ಕಿರಿದಾದ ದಿಕ್ಕನ್ನು ಮಾತ್ರ ನೋಡುವುದರಿಂದ ಅಕ್ಕಪಕ್ಕದ ದೀಪಗಳ ಗದ್ದಲವೂ ಕಡಿಮೆ. ಹೊಂದಿಸುವುದು ಮಾತ್ರ ಕಷ್ಟ, ಒಂದೆರಡು ಡಿಗ್ರಿ ತಪ್ಪಿದರೂ ಬೆಳಕಿನ ಚುಕ್ಕೆ ಡಯೋಡಿನ ಹೊರಗೆ ಬೀಳುತ್ತದೆ. ಲೆನ್ಸ್ ಇಟ್ಟು ಬಿಸಿಲಿಗೆ ತಿರುಗಿಸಬೇಡಿ, ಡಯೋಡ್ ಸುಡುತ್ತದೆ.

## ಲಕ್ಷಣ ನೋಡಿ ಕಾರಣ ಹಿಡಿಯುವುದು

ಕಾರ್ಡ್ ಅಡ್ಡ ಇಟ್ಟರೂ ಡೇಟಾ ಬರುತ್ತದೆ. ವಿದ್ಯುತ್ ತಂತಿಯಲ್ಲಿ ನುಸುಳುತ್ತಿದೆ. 5ನೇ ಹಂತಕ್ಕೆ ಹಿಂತಿರುಗಿ.

ಎಲ್ಲ ಬಿಟ್‌ಗಳೂ ತಲೆಕೆಳಗು. ಕಂಪ್ಯಾರೇಟರಿನ ಪ್ಲಸ್, ಮೈನಸ್ ಅದಲುಬದಲಾಗಿದೆ. ಕೋಡಿನಲ್ಲೇ ತಿರುವಿಕೊಂಡರೆ ನಡೆಯುತ್ತದೆ ಎಂದು ಹಾಗೇ ಬಿಡಬೇಡಿ, ಆ ಜೋಡಣೆಯಲ್ಲಿ 1 ಮೆಗಾಓಮ್‌ನ ಕೆಲಸ ಕೆಟ್ಟಿರುತ್ತದೆ.

ದೂರದಲ್ಲಿ ಸರಿ, ಹತ್ತು ಸೆಂಟಿಮೀಟರಿಗೆ ತಂದರೆ ತಪ್ಪು. ನಿಮ್ಮ ಎಲ್‌ಇಡಿಯೇ ರಿಸೀವರನ್ನು ತುಂಬುತ್ತಿದೆ. 22 ಕಿಲೋಓಮ್ ಹಾಕಿ.

ಗಿಡ್ಡ ಸಂದೇಶ ಸರಿ, ಉದ್ದದ್ದು ತಪ್ಪು. ಬಫರ್ ತುಂಬಿ ಹರಿಯುತ್ತಿದೆಯೇ ನೋಡಿ. ಮ್ಯಾಂಚೆಸ್ಟರ್ ಪ್ರತಿ ಬಿಟ್ಟಿಗೂ ಲೆಕ್ಕ ಹೊಂದಿಸಿಕೊಳ್ಳುವುದರಿಂದ ಎರಡು ಬೋರ್ಡ್‌ಗಳ ಗಡಿಯಾರದ ಚೂರುಪಾರು ವ್ಯತ್ಯಾಸ ಇದಕ್ಕೆ ಕಾರಣವಾಗುವುದು ಅಪರೂಪ.

ಗಿಡ್ಡ ಅಂತರ 50ರ ಬದಲು ಒಮ್ಮೆ 38, ಒಮ್ಮೆ 62. ಎಲ್‌ಇಡಿ ಉರಿದ ಹೊತ್ತು ಮತ್ತು ಆರಿದ ಹೊತ್ತು ಸಮನಾಗಿ ಓದಿಸುತ್ತಿಲ್ಲ. ಸಿಗ್ನಲ್ ಬಲ ಕಡಿಮೆಯಾದಾಗ ಹೀಗಾಗುತ್ತದೆ, ಇನ್ನು ಸ್ವಲ್ಪ ಹೊತ್ತಿನಲ್ಲಿ ಸಂಪರ್ಕವೇ ಕಡಿಯುವ ಮುನ್ಸೂಚನೆ ಇದು. ಎಲ್‌ಇಡಿ ಓರೆಯಾಗಿದೆಯೇ ನೋಡಿ.

ಕೈ ಹತ್ತಿರ ತಂದರೆ ಮಾತ್ರ ನಡೆಯುತ್ತದೆ. ಎಲ್ಲೋ ಗ್ರೌಂಡ್ ಬಿಟ್ಟಿದೆ, ಅಥವಾ ಒಂದು ಇನ್‌ಪುಟ್ ಗಾಳಿಯಲ್ಲಿ ತೇಲುತ್ತಿದೆ. ಬ್ರೆಡ್‌ಬೋರ್ಡಿನ ಸಡಿಲ ತೂತು ಮೊದಲ ಅನುಮಾನ.

## ವೇಗ ಏರಿಸುವ ಮುನ್ನ

10,000ದಿಂದ 20,000ಕ್ಕೆ ಏರಿಸಲು ಟೈಮರಿನ ಬೆಲೆ ಮತ್ತು ಅಂತರದ ಗಡಿಗಳನ್ನು ಬದಲಿಸಿದರೆ ಸಾಕು. ಒಂದು ಲಕ್ಷಕ್ಕೆ ಹೋಗಬೇಕೆಂದರೆ ಮೊದಲು ಸೋಲುವುದು ಉನೊದ ಇಂಟರಪ್ಟ್, ಅದಾದ ಮೇಲೆ ರಿಸೀವರಿನ 100 ಕಿಲೋಓಮ್. ಡಯೋಡಿನ ಆನೋಡನ್ನು ಗ್ರೌಂಡ್ ಬದಲು ಮೈನಸ್ 3 ವೋಲ್ಟ್‌ಗೆ ಕಟ್ಟಿದರೆ ಅದರ ಕೆಪಾಸಿಟೆನ್ಸ್ 70ರಿಂದ 25 ಪಿಕೋಫ್ಯಾರಡ್ ಆಸುಪಾಸಿಗೆ ಇಳಿಯುತ್ತದೆ, ಆಗ ಇನ್ನಷ್ಟು ವೇಗಕ್ಕೆ ದಾರಿಯಾಗುತ್ತದೆ. ಬಿಳಿ ಎಲ್‌ಇಡಿಯೊಳಗೆ ನೀಲಿ ಬೆಳಕನ್ನು ಹಳದಿ ಮಾಡುವ ಫಾಸ್ಫರ್ ಲೇಪ ನಿಧಾನ, ಅದಕ್ಕಾಗಿ ಡಯೋಡಿನ ಮುಂದೆ ನೀಲಿ ಫಿಲ್ಟರ್ ಇಡಬೇಕು ಎಂದು ಓದಿರುತ್ತೀರಿ. ಮಾತು ನಿಜ, ಆದರೆ ಆ ಲೇಪ ತೊಡಕಾಗುವುದು ಕೆಲವು ಮೆಗಾಹರ್ಟ್ಸ್ ತಲುಪಿದ ಮೇಲೆ. ನಮ್ಮ ವೇಗದಲ್ಲಿ ನೀಲಿ ಫಿಲ್ಟರ್ ಇಟ್ಟರೆ ಸಿಗುತ್ತಿರುವ ಬೆಳಕಿನ ಬಹುಪಾಲನ್ನು ಕೈಯಾರೆ ಎಸೆದಂತಾಗುತ್ತದೆ. ಪ್ರತಿ ಸಲ ವೇಗ ಏರಿಸಿದಾಗಲೂ 5ನೇ ಹಂತದಿಂದ ಮತ್ತೆ ಶುರುಮಾಡಿ: ಮೊದಲು ಹೊಸ ವೇಗದ ಚೌಕ ಅಲೆ, ಆಮೇಲೆ ಕಾರ್ಡ್, ಎಣಿಕೆ, ಕೊನೆಗೆ ಆ 1000 ಸಂದೇಶ.